ಮೇಲ್ಮಹಡಿಯ ಲೆಕ್ಕ: ಬೆಂಗಳೂರಿನ ಮನೆಗಳು ಎರಡಂತಸ್ತಾದ ಬಗೆ

ಇದ್ದ ಮನೆಯ ಮೇಲೆ ಇನ್ನೊಂದು ಮನೆ ಎತ್ತಬೇಕೆಂದರೆ ಬೆಂಗಳೂರಿನಲ್ಲಿ ಈಗ ಎಲ್ಲರೂ ಮೊದಲು ಕೇಳುವುದು ಚದರಕ್ಕೆ ಎಷ್ಟಾಗುತ್ತದೆ ಎಂದು. ನೂರು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ: ಕೆಳಗಿನ ಮನೆಯ ಸೂರು ಯಾವುದರದ್ದು? ಅದಕ್ಕೆ ಸಿಗುವ ಉತ್ತರದ ಮೇಲೆ ಮಹಡಿಯ ಆಸೆ ಉಳಿಯುತ್ತಿತ್ತು, ಇಲ್ಲವೇ ಅಲ್ಲಿಗೇ ಮುಗಿಯುತ್ತಿತ್ತು.

1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಅಟ್ಟಿತು. ಮಲ್ಲೇಶ್ವರ, ಬಸವನಗುಡಿಗಳು ಆಮೇಲೆ ತುಂಬಿಕೊಂಡವು. ಅಲ್ಲಿನ ಅನೇಕ ಮನೆಗಳಿಗೆ ಮಂಗಳೂರು ಹೆಂಚು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹಬ್ಬಿದ ಈ ಹೆಂಚು ಹಗುರ, ಮಳೆಗೆ ಒಳ್ಳೆಯದು. ಆದರೆ ಇಳಿಜಾರು ಮಾಡಿನ ಮೇಲೆ ಕೋಣೆ ಕಟ್ಟಲಾಗದು. ಮಹಡಿ ಬೇಕೆಂದರೆ ಹೆಂಚು, ರೀಪು, ತೊಲೆ ಎಲ್ಲವನ್ನೂ ಇಳಿಸಬೇಕು. ಹೊಸ ಸೂರು ಬರುವ ತನಕ ಸಂಸಾರವನ್ನು ಬೇರೆ ಕಡೆಗೆ ಸಾಗಿಸಬೇಕು. ಬೆಂಗಳೂರು, ಕೋಲಾರ ಸೀಮೆಯ ಇನ್ನೊಂದು ಬಗೆಯ ಮನೆಗೆ ಕಲ್ಲು ಚಪ್ಪಡಿಯೇ ಸೂರು. ಗೋಡೆಯಿಂದ ಗೋಡೆಗೆ ಚಪ್ಪಡಿ ಎಷ್ಟುದ್ದ ನಿಲ್ಲುತ್ತದೋ ಕೋಣೆಯ ಅಗಲವೂ ಅಷ್ಟೇ.

ಮಹಡಿಗೆ ಒಗ್ಗುತ್ತಿದ್ದುದು ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಚ್ಚಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಕಾಂಕ್ರೀಟು ಹರಡಿದ ಮೇಲೆ ನಿಜವಾದ ಕೆಲಸ ಶುರು. ಹೆಂಗಸರು ಸಾಲಾಗಿ ಕೂತು ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು, ನಡುನಡುವೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಬಡಿದಷ್ಟೂ ಸೂರು ಗಟ್ಟಿ. ಅಂಥ ತಾರಸಿ ಹಾಕಿಸಲು ಒಳ್ಳೆಯ ಮರ ಬೇಕು, ನುರಿತ ಕೈಗಳು ಬೇಕು, ತಿಂಗಳುಗಳ ಕೂಲಿ ಬೇಕು. ಹೀಗಾಗಿ ಮಹಡಿ ಮನೆ ಎಂಬುದು ಅನುಕೂಲಸ್ಥರ ಗುರುತಾಗಿಯೇ ಉಳಿಯಿತು.

ಈ ಲೆಕ್ಕವನ್ನು ಬದಲಿಸಿದ್ದು ಸಿಮೆಂಟು ಮತ್ತು ಕಂಬಿ. 1930ರ ದಶಕದ ಕೊನೆಯ ಹೊತ್ತಿಗೆ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಾರ್ಖಾನೆಯೇ ಸಿಮೆಂಟು ತಯಾರಿಸತೊಡಗಿತ್ತು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ನೌಕರರು, ಬ್ಯಾಂಕು ಮತ್ತು ಸರ್ಕಾರಿ ಕಚೇರಿಗಳ ಗುಮಾಸ್ತರು ಮೂವತ್ತು ನಲವತ್ತು ಅಡಿಯ ಸೈಟಿಗೆ ಕಂತು ಕಟ್ಟತೊಡಗಿದರು.

ಆದರೆ ದುಡ್ಡಿದ್ದವರಿಗೂ ಸಿಮೆಂಟು ಸಿಗುತ್ತಿರಲಿಲ್ಲ. ಅದರ ಬೆಲೆ, ಹಂಚಿಕೆ ಎರಡೂ ಸರ್ಕಾರದ ಹಿಡಿತದಲ್ಲಿದ್ದ ಕಾಲದಲ್ಲಿ ಪರ್ಮಿಟ್ಟಿಗೆ ಅರ್ಜಿ ಹಾಕಿ ಕಾಯಬೇಕಿತ್ತು. ಈ ಹಿಡಿತ ಸಡಿಲವಾದದ್ದು 1982ರ ಫೆಬ್ರವರಿಯಲ್ಲಿ, ಪೂರ್ತಿ ಹೋದದ್ದು 1989ರ ಮಾರ್ಚಿನಲ್ಲಿ. ಸಾಲವೂ ಸಲೀಸಾಗಿರಲಿಲ್ಲ. ಮನೆಸಾಲಕ್ಕೆಂದೇ ಎಚ್‌ಡಿಎಫ್‌ಸಿ ಹುಟ್ಟಿದ್ದು 1977ರಲ್ಲಿ. ಅದಕ್ಕೆ ಮುಂಚೆ ಸಹಕಾರ ಸಂಘ, ನೌಕರರ ಮುಂಗಡ, ಪ್ರಾವಿಡೆಂಟ್ ಫಂಡು, ಚೀಟಿ, ಒಡವೆ ಇವೇ ಆಸರೆ.

ಎರಡು ಅಂತಸ್ತನ್ನು ಒಂದೇ ಏಟಿಗೆ ಕಟ್ಟಲಾಗದವರು ಕಂಡುಕೊಂಡ ದಾರಿ ಕಂತಿನ ಕಟ್ಟಡ. ಪಾಯವನ್ನು ಸೈಜುಗಲ್ಲಿನಲ್ಲಿ ಎರಡು ಅಂತಸ್ತಿಗೆ ಸಾಕಾಗುವಷ್ಟು ಅಗಲವಾಗಿ ಹಾಕಿಸುವುದು, ಗೋಡೆಯನ್ನು ಒಂಬತ್ತು ಅಂಗುಲ ದಪ್ಪ ಕಟ್ಟಿಸುವುದು, ಮೆಟ್ಟಿಲನ್ನು ಮನೆಯ ಹೊರಗಿಡುವುದು, ತಾರಸಿಯನ್ನು ಸಮತಟ್ಟಾಗಿ ಬಿಡುವುದು. ಕಂಬದ ಮನೆಗಳು ಬಂದ ಮೇಲೆ ಸೂರಿನಾಚೆಗೂ ಕಂಬಿ ಬಿಟ್ಟರು. ಮೇಲಿನ ಕಂಬದ ಕಂಬಿ ಕೆಳಗಿನದರ ಜೊತೆ ಸಾಕಷ್ಟು ಉದ್ದ ಅಕ್ಕಪಕ್ಕ ಕೂತರೆ ಮಾತ್ರ ಭಾರ ಸರಿಯಾಗಿ ದಾಟುತ್ತದೆ; ಹದಿನಾರು ಮಿಲಿಮೀಟರಿನ ಕಂಬಿಗೆ ವ್ಯಾಸದ ಐವತ್ತರಷ್ಟು ಹಿಡಿದರೆ ಎರಡೂವರೆ ಅಡಿಗೂ ಮಿಕ್ಕಿ ಆಗುತ್ತದೆ. ಬಲ್ಲ ಮೇಸ್ತ್ರಿಗಳು ಅವಕ್ಕೆ ಸಿಮೆಂಟಿನ ಹಾಲು ಬಳಿಸಿ, ಇಲ್ಲವೇ ತೆಳು ಕಾಂಕ್ರೀಟಿನಲ್ಲಿ ಮುಚ್ಚಿಸಿ ತುಕ್ಕಿನಿಂದ ಕಾಪಾಡಿದರು. ನಾಳಿನ ಮಹಡಿಗೆ ಇವತ್ತೇ ಮಾಡುತ್ತಿದ್ದ ಈ ಖರ್ಚು ತಿಂಗಳ ಸಂಬಳದ ಮನೆಗಳ ಮಟ್ಟಿಗೆ ಬಲು ದೊಡ್ಡ ಧೈರ್ಯ.

ಆ ಮಹಡಿ ಎದ್ದದ್ದು ಹೆಚ್ಚಾಗಿ ಮಗನ ಮದುವೆಗೋ ಅಪ್ಪನ ನಿವೃತ್ತಿಗೋ. 1972ರ ಕಾಯಿದೆಯಿಂದ ಕಾರ್ಖಾನೆ ನೌಕರರ ಹಕ್ಕಾದ ಗ್ರಾಚ್ಯುಯಿಟಿಯ ಹಣ ಎಷ್ಟೋ ಮನೆಗಳ ತಾರಸಿಯ ಮೇಲೆ ಇಟ್ಟಿಗೆಯಾಗಿ ಕೂತಿತು. ಸಾಲದೆ ಬಂದರೆ ಭೋಗ್ಯ. ಬಾಡಿಗೆಗೆ ಬರುವವರಿಂದ ಒಂದೇ ಗಂಟಾಗಿ ಹಣ ಪಡೆದು, ತಿಂಗಳ ಬಾಡಿಗೆ ಕೇಳದೆ, ಅವಧಿ ಮುಗಿದಾಗ ಅಷ್ಟನ್ನೂ ಹಿಂದಿರುಗಿಸುವ ಈ ಪದ್ಧತಿಯಲ್ಲಿ ಮನೆಯವರಿಗೆ ಬಡ್ಡಿಯಿಲ್ಲದ ಬಂಡವಾಳ ಸಿಕ್ಕಿತು. ಹಿಂದಿರುಗಿಸುವ ಹೊತ್ತಿಗೆ ಕೈಯಲ್ಲಿ ಹಣವಿಲ್ಲದೆ ಇನ್ನೊಬ್ಬರಿಂದ ಭೋಗ್ಯ ಹಿಡಿದವರೂ ಉಂಟು.

ಲೆಕ್ಕ ಹಾಕುತ್ತಿದ್ದುದು ಚದರದಲ್ಲಿ. ನೂರು ಚದರಡಿಗೆ ಒಂದು ಚದರ. ಮೂವತ್ತು ನಲವತ್ತರ ಇಡೀ ಸೈಟು ಹನ್ನೆರಡು ಚದರ. ಲೇಬರ್ ಕಾಂಟ್ರಾಕ್ಟ್ ಆದರೆ ಮೇಸ್ತ್ರಿಗೆ ಚದರಕ್ಕಿಷ್ಟು ಕೂಲಿ, ಸಾಮಾನು ಯಜಮಾನರದ್ದು. ಪಾಯ, ಲಿಂಟಲ್, ಮೋಲ್ಡು, ಪ್ಲಾಸ್ಟರಿಂಗ್ ಎಂದು ಹಂತಕ್ಕೊಂದು ಬಟವಾಡೆ. ಬ್ಯಾಂಕಿನ ಸಾಲವೂ ಹೀಗೇ ಹಂತ ಹಂತವಾಗಿ ಕೈಗೆ ಬರುತ್ತದೆ. ಮಹಡಿಗೆ ಸೈಟಿನ ಖರ್ಚಿಲ್ಲ, ಪಾಯದ ಖರ್ಚಿಲ್ಲ ಎಂದು ಖುಷಿಪಟ್ಟವರು ಮರಳು, ಜಲ್ಲಿ, ಇಟ್ಟಿಗೆ ಮೇಲೆ ಹೊರಿಸುವ ಕೂಲಿ, ಮೆಟ್ಟಿಲು, ನೀರಿನ ಟ್ಯಾಂಕು, ಹೊಸ ಪೈಪುಗಳ ಖರ್ಚನ್ನು ಮರೆತು ತಡಕಾಡುತ್ತಿದ್ದರು.

ಖರ್ಚೆಲ್ಲ ಒಟ್ಟಿಗೆ ಮೈಮೇಲೆ ಬರುತ್ತಿದ್ದುದು ಮೋಲ್ಡು ಹಾಕುವ ದಿನ. ಬೆಳಗಿನ ಜಾವಕ್ಕೇ ಸೆಂಟ್ರಿಂಗ್ ಹಲಗೆಗೆ ನೀರು ಹೊಡೆದು ಪೂಜೆ. ಆಮೇಲೆ ಕಾಂಕ್ರೀಟು ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಏಣಿ ಹತ್ತುತ್ತಿತ್ತು. ಕೆಲಸ ನಡುವೆ ನಿಲ್ಲುವಂತಿಲ್ಲ, ಜೋಡು ಬಿಟ್ಟರೆ ಮಳೆಗಾಲದಲ್ಲಿ ಸೋರುತ್ತದೆ. ಮುಗಿದ ಮೇಲೆ ಕೆಲಸದವರಿಗೆಲ್ಲ ಸಿಹಿಯೂಟ ಅಥವಾ ಬಾಡೂಟ. ಮಾರನೆಯ ದಿನದಿಂದ ಸುತ್ತ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಮಾತ್ರ ಸೂರು ಬಲಿಯುತ್ತದೆ. ಕೊಡಪಾನಕ್ಕೆ ಸಾಲು ನಿಲ್ಲುವ ಬೇಸಿಗೆಯಲ್ಲಿ ಆ ನೀರಿಗೂ ದುಡ್ಡು ಎತ್ತಿಡಬೇಕಿತ್ತು.

ಒಂದು ಮಹಡಿಗೆಂದು ಹಾಕಿದ ಪಾಯದ ಮೇಲೆ ಮೂರು, ನಾಲ್ಕು ಏರಿದ್ದು ಐಟಿ ಕಾಲದ ಬಾಡಿಗೆಯ ಆಸೆಯಿಂದ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಕಾರ್ಮಿಕರು ಸತ್ತರು. ದಂಡ ಕಟ್ಟಿದರೆ ಕಾಗದ ಸರಿಹೋಗಬಹುದು, ಪಾಯ ಅಗಲವಾಗುವುದಿಲ್ಲ. ಹಳೆಯ ಮನೆಯ ಮೇಲೆ ಮಹಡಿ ಎತ್ತಲು ಹೊರಟವರು ಗೋಡೆಯ ಪಕ್ಕ ಗುಂಡಿ ತೋಡಿಸಿ ಪಾಯದ ಆಳ ಅಗಲ ಅಳೆಸಬೇಕು, ತಜ್ಞ ಎಂಜಿನಿಯರಿಂದ ಕಂಬ, ತೊಲೆಗಳನ್ನು ಪರೀಕ್ಷೆ ಮಾಡಿಸಬೇಕು. ಇಡೀ ಎಸ್ಟಿಮೇಟಿನಲ್ಲಿ ಅದಕ್ಕೆ ತಗಲುವುದು ಸಣ್ಣ ಮೊತ್ತ. ಅದು ಮೊದಲ ಸಾಲಿನಲ್ಲೇ ಇರಬೇಕು, ಟೈಲ್ಸು ಬಣ್ಣಗಳ ಲೆಕ್ಕ ಅದರ ಕೆಳಗೆ ಬರಲಿ.