ಪಾಚಿಯೊಳಗಿನ ಉಡಿದಾರ



ದೇವರಾಯಸಮುದ್ರದ ಸೀಮೆಯಲ್ಲಿ ಸಮುದ್ರವೆಂದರೆ ಕೆರೆ, ಕೆರೆಯೆಂದರೆ ಪಾಚಿ. ಸೋಪಾನದ ಮೇಲೆ ಕಾಲು ಜಾರಿಸುವ ಆ ಹಸಿರಿನ ದೂರದ ದಾಯಾದಿಯೊಂದು ಜೀವವಿಜ್ಞಾನದ ದೊಡ್ಡ ವಿವಾದದಲ್ಲಿ ಸಾಕ್ಷಿ ನುಡಿದ ವೃತ್ತಾಂತವಿದು.

ಎಲೆಯ ಕೋಶದಲ್ಲಿರುವ ಕ್ಲೋರೋಪ್ಲಾಸ್ಟ್ ಹಾಗೂ ಮೈಟೊಕಾಂಡ್ರಿಯಗಳು ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಗಳಾಗಿದ್ದವೆಂದು 1967ರಲ್ಲಿ ಲಿನ್ ಮಾರ್ಗುಲಿಸ್ ವಾದಿಸಿದರು. ಒಪ್ಪಿದವರು ಕೆಲವರೇ. ಅವರ ಮಾತು ದಿಟವಾದರೆ, ಇವು ಇಬ್ಭಾಗವಾಗುವ ರೀತಿಯಲ್ಲಿ ಹಳೆಯ ಮನೆತನದ ಗುರುತು ಉಳಿದಿರಬೇಕಲ್ಲವೆ?

ಬ್ಯಾಕ್ಟೀರಿಯಕ್ಕೆ ಕೋಶದ ಹಂದರವೇ ಇಲ್ಲವೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ದಿನಗಳವು. 1991ರಲ್ಲಿ ಬೀ ಮತ್ತು ಲಟ್ಕನ್‌ಹೌಸ್, ಇ. ಕೋಲಿ ಎರಡಾಗುವ ಸ್ಥಳದಲ್ಲಿ ಎಫ್‌ಟಿಎಸ್‌ಝೆಡ್ ಎಂಬ ಪ್ರೋಟೀನು ಮಗುವಿನ ಸೊಂಟದ ಉಡಿದಾರದಂತೆ ಉಂಗುರ ಕಟ್ಟುವುದನ್ನು ತೋರಿಸಿದರು. ನಮ್ಮ ಕೋಶಗಳ ಹಂದರದ ಟ್ಯೂಬ್ಯುಲಿನ್‌ಗೂ ಅದಕ್ಕೂ ಆಕಾರದಲ್ಲಿ ಎಷ್ಟು ಹೋಲಿಕೆಯೆಂಬುದು 1998ರಲ್ಲಿ ಸ್ಪಷ್ಟವಾಯಿತು. 1995ರಲ್ಲಿಯೇ ಸಸ್ಯವೊಂದರ ಕ್ಲೋರೋಪ್ಲಾಸ್ಟಿನಲ್ಲಿ ಅದರ ಬಂಧು ಸಿಕ್ಕಿತ್ತು. 1998ರಲ್ಲಿ ಜರ್ಮನಿಯ ಸಂಶೋಧಕರು ಹಾವಸೆಯಲ್ಲಿ ಆ ವಂಶವಾಹಿಯನ್ನು ಕೆಡಿಸಿದರು. ಹತ್ತಾರು ಕ್ಲೋರೋಪ್ಲಾಸ್ಟುಗಳಿರಬೇಕಾದ ಕೋಶದಲ್ಲಿ ಒಂದೇ ಒಂದು ದೈತ್ಯ ಉಳಿಯಿತು!

ಮೈಟೊಕಾಂಡ್ರಿಯದ ಸಾಕ್ಷ್ಯ ಮಾತ್ರ ಸಿಕ್ಕಿರಲಿಲ್ಲ. ಯೀಸ್ಟಿನ ಸಂಪೂರ್ಣ ಜೀನೋಮಿನಲ್ಲಿಯೂ ಅದರ ಸುಳಿವಿಲ್ಲ. ಆಗ ಜಪಾನಿನ ಕುರೊಯಿವಾ ಅವರ ತಂಡ ಸಯನಿಡಿಯೊಸ್ಕೈಜಾನ್ ಮೆರೊಲೆ ಎಂಬ ಆದಿಮ ಕೆಂಪು ಪಾಚಿಯಲ್ಲಿ ಶೋಧ ನಡೆಸಿತು. ಬಿಸಿಯಾದ ಆಮ್ಲದ ಬುಗ್ಗೆಗಳಲ್ಲಿ ಬಾಳುವ ಈ ಜೀವಿಯ ಅಗಲ ಸುಮಾರು 2 ಮೈಕ್ರಾನ್. ಕೋಶಕೇಂದ್ರ ಒಂದು, ಕ್ಲೋರೋಪ್ಲಾಸ್ಟ್ ಒಂದು, ಮೈಟೊಕಾಂಡ್ರಿಯವೂ ಒಂದೇ. ಇಷ್ಟು ಮಿತವಾದ ಸಂಸಾರದಲ್ಲಿ ಹುಡುಕುವುದು ಸುಲಭ; ಆಯ್ಕೆಯಲ್ಲೇ ಅರ್ಧ ಜಾಣತನವಿದೆಯೆಂದು ನನಗೆ ತೋರುತ್ತದೆ. 2000ದಲ್ಲಿ ಮೈಟೊಕಾಂಡ್ರಿಯಕ್ಕೆ ಸೇರಿದ್ದೆಂದು ತೋರುವ ವಂಶವಾಹಿ ಅಲ್ಲಿ ದೊರೆಯಿತು. ಅದೇ ವರ್ಷ ಬೀಚ್ ಮತ್ತು ಸಂಗಡಿಗರು ಮ್ಯಾಲೊಮೊನಾಸ್ ಎಂಬ ಇನ್ನೊಂದು ಪಾಚಿಯಲ್ಲಿಯೂ ಅದನ್ನು ಕಂಡರು. ಮೈಟೊಕಾಂಡ್ರಿಯದ ಪೂರ್ವಜರೆಂದು ಮೊದಲೇ ಊಹಿಸಿದ್ದ ಬ್ಯಾಕ್ಟೀರಿಯಗಳ ವಂಶವಾಹಿಯನ್ನೇ ಅದು ಹೆಚ್ಚು ಹೋಲುತ್ತಿತ್ತು. 2004ರಲ್ಲಿ ಆ ಕೆಂಪು ಪಾಚಿಯ ಸುಮಾರು 1.65 ಕೋಟಿ ಅಕ್ಷರಗಳ ಜೀನೋಮನ್ನೂ ಓದಲಾಯಿತು.

ಪ್ರಾಣಿಗಳೂ ಶಿಲೀಂಧ್ರಗಳೂ ಈ ಪಿತ್ರಾರ್ಜಿತವನ್ನು ಕಳೆದುಕೊಂಡು, ಡೈನಮಿನ್ ಎಂಬ ಬೇರೊಂದು ಪ್ರೋಟೀನಿನಿಂದ ಆ ಕೆಲಸ ಸಾಗಿಸುತ್ತಿವೆ. ನಮ್ಮಲ್ಲಿಲ್ಲದ್ದು ಬ್ಯಾಕ್ಟೀರಿಯದಲ್ಲಿ ಇರುವುದರಿಂದಲೇ ಅದು ಔಷಧಕ್ಕೆ ಒಳ್ಳೆಯ ಗುರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಅಜಿತ್‌ಕುಮಾರ್ ಅವರ ಪ್ರಯೋಗಾಲಯವು ಕ್ಷಯದ ಬ್ಯಾಕ್ಟೀರಿಯದಲ್ಲಿ ಅಭ್ಯಸಿಸಿದ್ದೂ ಇದೇ ಎಫ್‌ಟಿಎಸ್‌ಝೆಡ್ಡನ್ನು.