ಅಲಿಯನ್ನು ಪರೀಕ್ಷೆ ಮಾಡಿದರು, ಪರವಾನಗಿಯನ್ನೂ ಕೊಟ್ಟರು

ಮುಹಮ್ಮದ್ ಅಲಿ ಹೆಸರು ಕೇಳದವರು ಕಡಿಮೆ. ಆದರೆ ಅವರ ಮೆದುಳನ್ನು ಪರೀಕ್ಷಿಸಿದ ವರದಿಯೊಂದು ಇತ್ತು ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಬಾಕ್ಸರ್‌ಗಳ ತಲೆ ಕೆಡುತ್ತದೆ ಅನ್ನುವುದು ಹಳೇ ಮಾತು. 1928ರಲ್ಲೇ ಅಮೆರಿಕದ ನ್ಯೂಜೆರ್ಸಿಯ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 'ಪಂಚ್ ಡ್ರಂಕ್' ಎಂಬ ಲೇಖನ ಬರೆದರು. ಕುಡಿಯದೆಯೂ ಕುಡಿದವರಂತೆ ಕಾಲು ಎಳೆಯುವ, ಮಾತು ತೊದಲುವ, ಕೈ ನಡುಗುವ ಬಾಕ್ಸರ್‌ಗಳ ಬಗ್ಗೆ ಅದು. (ಗಡಿಯಾರಕ್ಕೆ ರೇಡಿಯಂ ಬಣ್ಣ ಹಚ್ಚಿ ಸತ್ತ ಹೆಣ್ಣುಮಕ್ಕಳ ರೋಗ ಪತ್ತೆ ಹಚ್ಚಿದವರಲ್ಲಿ ಇದೇ ಮಾರ್ಟ್‌ಲ್ಯಾಂಡ್ ಕೂಡ ಒಬ್ಬರು.)

ಈಗ ಅಲಿ ವಿಷಯ. 1977ರಲ್ಲಿ ಅರ್ನಿ ಶೇವರ್ಸ್ ಜೊತೆಗಿನ ಪಂದ್ಯ ಮುಗಿದ ಮೇಲೆ ಅಲಿಯ ವೈದ್ಯ ಫರ್ಡಿ ಪಚೆಕೊ, 'ಇನ್ನು ಸಾಕು' ಎಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಅವರು ಕೆಲಸ ಬಿಟ್ಟು ಹೊರಟರು. 1980ರಲ್ಲಿ, 38ನೇ ವಯಸ್ಸಿನಲ್ಲಿ, ಅಲಿ ಲ್ಯಾರಿ ಹೋಮ್ಸ್ ಎದುರು ಮತ್ತೆ ಇಳಿಯುತ್ತೇನೆ ಎಂದರು. ಒಪ್ಪಂದ 80 ಲಕ್ಷ ಡಾಲರಿನದು. ಹೊತ್ತಿಗಾಗಲೇ ಮಾತು ಮಂದವಾಗಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಪಂದ್ಯ ನಡೆಯುವ ನೆವಾಡಾ ರಾಜ್ಯದ ಕ್ರೀಡಾ ಆಯೋಗಕ್ಕಾಗಿ ಹೆಸರಾಂತ ಮೇಯೊ ಕ್ಲಿನಿಕ್‌ನಲ್ಲಿ ಪರೀಕ್ಷೆ ಆಯಿತು.

ಪರೀಕ್ಷೆ ಅಂದರೆ ಬರೀ ಯಂತ್ರವಲ್ಲ. ಬೆರಳನ್ನು ಬೇಗಬೇಗ ಮೂಗಿನ ತುದಿಗೆ ಮುಟ್ಟಿಸುವುದು, ಒಂಟಿಕಾಲಲ್ಲಿ ಕುಪ್ಪಳಿಸುವುದು. ನಮ್ಮೂರ ಮಕ್ಕಳು ಕುಂಟಾಬಿಲ್ಲೆಯಲ್ಲಿ ಮಾಡುವುದೂ ಅದೇ. ಮೈಯ ತೂಕ ತಪ್ಪದಂತೆ ನೋಡಿಕೊಳ್ಳುವ ಕಿರುಮೆದುಳು ಸರಿ ಇದೆಯೇ ಎಂಬುದು ಇದರಲ್ಲಿ ಗೊತ್ತಾಗುತ್ತದೆ. ಅಲಿಯ ಬೆರಳು ಅಲ್ಪಸ್ವಲ್ಪ ಗುರಿ ತಪ್ಪಿತು. ಕುಪ್ಪಳಿಸುವಾಗ ನಿರೀಕ್ಷಿಸಿದಷ್ಟು ಚುರುಕಿರಲಿಲ್ಲ. ಇಷ್ಟನ್ನೂ ಬರೆದ ವರದಿ, ಪಂದ್ಯ ತಡೆಯುವಂಥದ್ದು ಏನೂ ಕಾಣಲಿಲ್ಲ ಎಂಬ ಅರ್ಥದಲ್ಲಿ ಮುಗಿಯಿತು. ಆಯೋಗ ಪರವಾನಗಿ ಕೊಟ್ಟಿತು.

ನಮಗೆ ಕಾಡುವುದು ಇದು: ಚುರುಕು ಯಾರಿಗೆ ಹೋಲಿಸಿ? ರಸ್ತೆಯಲ್ಲಿ ಹೋಗುವ 38ರ ಗಂಡಸಿಗೆ ಹೋಲಿಸಿದರೆ ಅದು ಸಣ್ಣ ಕೊರತೆ. ಆದರೆ ಕಾಲ್ಚಳಕದಿಂದಲೇ ಲೋಕ ಗೆದ್ದವನ ಮಟ್ಟಿಗೆ ಸಣ್ಣದೇ? ಹತ್ತು ವರ್ಷದ ಹಿಂದಿನ ಅಲಿಯ ಪಕ್ಕ ಅಂದಿನ ಅಲಿಯನ್ನು ಇಟ್ಟು ನೋಡಬೇಕಿತ್ತು.

ಅಕ್ಟೋಬರ್ 2ರಂದು ಲಾಸ್ ವೇಗಾಸ್‌ನಲ್ಲಿ ಹತ್ತು ಸುತ್ತು ಅಲಿ ಬರೀ ಏಟು ತಿಂದರು. ಕೊನೆಗೆ ಅವರ ಕಡೆಯವರೇ ನಿಲ್ಲಿಸಿದರು. ಆಮೇಲೂ 1981ರ ಡಿಸೆಂಬರಿನಲ್ಲಿ ಬಹಾಮಾಸ್‌ನಲ್ಲಿ ಇನ್ನೊಂದು ಪಂದ್ಯ ಆಡಿ ಸೋತರು. 1984ರಲ್ಲಿ ಪಾರ್ಕಿನ್ಸನ್ ಲಕ್ಷಣ ಎಂದು ವೈದ್ಯರು ಹೇಳಿದರು. ಅದಕ್ಕೆ ಏಟೇ ಕಾರಣವೇ ಎಂಬುದರಲ್ಲಿ ವೈದ್ಯರಿಗೇ ಒಮ್ಮತವಿಲ್ಲ.

ನಡುವೆ, 1982ರ ನವೆಂಬರಿನಲ್ಲಿ, ಅದೇ ಲಾಸ್ ವೇಗಾಸ್‌ನಲ್ಲಿ ಕೊರಿಯಾದ ಕಿಮ್ ಡುಕ್ ಕೂ 14ನೇ ಸುತ್ತಿನಲ್ಲಿ ಏಟು ತಿಂದು ಬಿದ್ದರು. ನಾಲ್ಕು ದಿನಕ್ಕೆ ಜೀವ ಹೋಯಿತು. ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಚಾಂಪಿಯನ್‌ಶಿಪ್ ಪಂದ್ಯವನ್ನು 15 ಸುತ್ತಿನಿಂದ 12ಕ್ಕೆ ಇಳಿಸಿತು.

2001ರಲ್ಲಿ ವಿಯೆನ್ನಾದಲ್ಲಿ ಕ್ರೀಡೆ ಮತ್ತು ತಲೆಪೆಟ್ಟಿನ ಬಗ್ಗೆ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿಂದ ಬೆಳೆದ ನಿಯಮದ ಪ್ರಕಾರ, ತಲೆಪೆಟ್ಟಿನಿಂದ ಮೆದುಳು ಅಲುಗಿದೆ ಎಂದು ಗೊತ್ತಾದವರನ್ನು ಆ ದಿನ ಮತ್ತೆ ಆಟಕ್ಕೆ ಇಳಿಸುವಂತಿಲ್ಲ. ನಮ್ಮ ಕಬಡ್ಡಿ ಅಂಕಣಗಳಲ್ಲಿ ಇವತ್ತಿಗೂ ಮುಖಕ್ಕೆ ನೀರು ಚಿಮುಕಿಸಿ 'ಹೋಗೋ, ಏನೂ ಆಗಿಲ್ಲ' ಎನ್ನುತ್ತೇವೆ.