ಸ್ಯಾನ್‌ಫ್ರಾನ್ಸಿಸ್ಕೊ ಹುಳಿಬ್ರೆಡ್ ಬ್ಯಾಕ್ಟೀರಿಯ

ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಸೋರ್‌ಡೋ ಬ್ರೆಡ್ಡಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯ. ಈಗಿನ ವೈಜ್ಞಾನಿಕ ಹೆಸರು ಫ್ರಕ್ಟಿಲ್ಯಾಕ್ಟೋಬ್ಯಾಸಿಲಸ್ ಸ್ಯಾನ್‌ಫ್ರಾನ್ಸಿಸೆನ್ಸಿಸ್. 2020ರವರೆಗೆ ಲ್ಯಾಕ್ಟೋಬ್ಯಾಸಿಲಸ್ ಕುಲದಲ್ಲಿತ್ತು.

ಕ್ಯಾಲಿಫೋರ್ನಿಯದ ಚಿನ್ನದ ಬೇಟೆಯ ಕಾಲದಲ್ಲಿ, 1849ರಲ್ಲಿ, ಆರಂಭವಾದ ಬೌಡಿನ್ ಬೇಕರಿಯ ಕಾಲದಿಂದಲೂ ಈ ಬ್ರೆಡ್ ಹೆಸರಾಗಿತ್ತು. ಹುಳಿಗೆ ಊರಿನ ಮಂಜೇ ಕಾರಣ ಎಂಬ ನಂಬಿಕೆಯೂ ಬೆಳೆದಿತ್ತು. ನಿಜವಾದ ಕಾರಣ ಹೊರಬಂದದ್ದು 1970ರ ಸುಮಾರಿಗೆ, ಕ್ಯಾಲಿಫೋರ್ನಿಯದ ಆಲ್ಬನಿಯಲ್ಲಿರುವ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ. ಅಲ್ಲಿ ಸಂಶೋಧಕರಾದ ಸುಗಿಹಾರ ಮತ್ತು ಕ್ಲೈನ್ ಸ್ಥಳೀಯ ಬೇಕರಿಗಳ ಹೆಪ್ಪುಹಿಟ್ಟಿನಿಂದ ಒಂದು ಯೀಸ್ಟನ್ನೂ ಈ ಬ್ಯಾಕ್ಟೀರಿಯವನ್ನೂ ಬೇರ್ಪಡಿಸಿದರು. ಸಾಮಾನ್ಯ ಪೋಷಕ ಮಾಧ್ಯಮದಲ್ಲಿ ಈ ಬ್ಯಾಕ್ಟೀರಿಯ ಸರಿಯಾಗಿ ಬೆಳೆಯಲೊಲ್ಲದು. ಮಾಲ್ಟೋಸ್ ಸಕ್ಕರೆ, ತಾಜಾ ಯೀಸ್ಟಿನ ಸಾರ ಬೇಕು. ಗುರುತು ಹಿಡಿಯಲು ನೆರವಾದದ್ದೂ ಈ ಹಟವೇ.

ಬ್ಯಾಕ್ಟೀರಿಯ ಮತ್ತು ಯೀಸ್ಟ್ ಇವೆರಡರ ಸಹಬಾಳ್ವೆ ಸ್ವಾರಸ್ಯಕರ. ಬ್ಯಾಕ್ಟೀರಿಯಕ್ಕೆ ಮಾಲ್ಟೋಸ್ ಪ್ರಿಯ, ಯೀಸ್ಟ್ ಅದನ್ನು ಮುಟ್ಟುವುದಿಲ್ಲ, ಹೀಗಾಗಿ ಪೈಪೋಟಿಯಿಲ್ಲ. ಬ್ಯಾಕ್ಟೀರಿಯ ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲ ಸುರಿಸುತ್ತದೆ. ಯೀಸ್ಟ್ ಅದನ್ನು ತಾಳಿಕೊಂಡು ಹಿಟ್ಟನ್ನು ಉಬ್ಬಿಸುತ್ತದೆ, ಬೇಡದ ಅನೇಕ ಸೂಕ್ಷ್ಮಜೀವಿಗಳು ಆ ಹುಳಿಯಲ್ಲಿ ಬಾಳಲಾರವು. ನಮ್ಮ ಇಡ್ಲಿ ಹಿಟ್ಟಿನಲ್ಲಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯ ಹುಳಿ ಬರಿಸುವ ಇಂಥದೇ ಕೆಲಸ ಮಾಡುತ್ತದೆ.

ಬೇಕರಿಯವರ ಹತೋಟಿ ಸರಳ: ಹಳೆಯ ಹಿಟ್ಟಿನ ಒಂದು ಪಾಲನ್ನು ಉಳಿಸಿ, ಹೊಸ ಹಿಟ್ಟು–ನೀರು ಸೇರಿಸಿ, ಶಾಖವನ್ನೂ ಸಮಯವನ್ನೂ ನೋಡಿಕೊಳ್ಳುವುದು. ಒಲೆಯಲ್ಲಿ ಬ್ಯಾಕ್ಟೀರಿಯ ಸಾಯುತ್ತದೆ, ಹುಳಿ ಉಳಿಯುತ್ತದೆ. ಹೆಸರು ಒಂದು ನಗರದ್ದಾದರೂ ಈ ಜೀವಿ ಜರ್ಮನಿ, ಇಟಲಿ ಮೊದಲಾದ ದೇಶಗಳ ಹುಳಿಹಿಟ್ಟಿನಲ್ಲೂ ಸಿಕ್ಕಿದೆ.